ಬೇರೆ ಟೀಮಿಂದ ಬಂದ ಕ್ವಾರ್ಟರ್‌ಬ್ಯಾಕ್ ಮತ್ತು ನಾಳೆಯ ಫೈನಲ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾಳೆ ಸೋಮವಾರ, ಜನವರಿ 20, 2025. ಅಟ್ಲಾಂಟಾದಲ್ಲಿ ಕಾಲೇಜ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಆಟ) ಫೈನಲ್. ಒಂದು ಕಡೆ ಕೊಲಂಬಸ್‌ನ ಒಹಾಯೊ ಸ್ಟೇಟ್, ಇನ್ನೊಂದು ಕಡೆ ನೋಟರ್ ಡೇಮ್. ನಾವಿರುವುದು ಕೊಲಂಬಸ್ ಪಕ್ಕದ ಡಬ್ಲಿನ್‌ನಲ್ಲಿ, ಹಾಗಾಗಿ ನಾನು ಯಾವ ಕಡೆ ಅಂತ ಕೇಳಬೇಡಿ. ನಮ್ಮನೆ ಬೇಸ್‌ಮೆಂಟಿನಲ್ಲಿ ಮ್ಯಾಚ್ ನೋಡಲು ಹತ್ತು ಹನ್ನೆರಡು ಜನ ಸೇರುತ್ತಾರೆ. ಅರ್ಧ ಜನಕ್ಕೆ ಆಟ ಗೊತ್ತು. ಇನ್ನರ್ಧ ಬರುವುದು ಮೆಣಸಿನಕಾಯಿ ಬಜ್ಜಿಗೆ. ಈ ಸಲ ಸಾಗರದಿಂದ ಬಂದಿರುವ ನಮ್ಮ ಮಾವನವರೂ ಇದ್ದಾರೆ. ಬಜ್ಜಿ ಗುಂಪಿನವರೂ ಮಾವನವರೂ ಸೀಸನ್ ಪೂರ್ತಿ ಕೇಳಿದ ಪ್ರಶ್ನೆಗಳಿಗೆ ಒಟ್ಟಿಗೆ ಇಲ್ಲಿ ಉತ್ತರ ಬರೆದಿಟ್ಟಿದ್ದೇನೆ. ನಾಳೆ ಆಟದ ಮಧ್ಯೆ ಕೇಳಿದರೆ ಉತ್ತರ ಸಿಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಹನ್ನೊಂದು ಜನ ಆಡ್ತಾರೆ, ಕ್ವಾರ್ಟರ್‌ಬ್ಯಾಕ್ ಒಬ್ಬನ ಬಗ್ಗೆ ಯಾಕೆ ಇಷ್ಟು ಮಾತು?

ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಎಸೆಯಬೇಕಾ, ಪಕ್ಕದವನ ಕೈಗೆ ಕೊಡಬೇಕಾ, ತಾನೇ ಎತ್ತಿಕೊಂಡು ಓಡಬೇಕಾ ಅಂತ ಮೂರು ಸೆಕೆಂಡಿನೊಳಗೆ ತೀರ್ಮಾನಿಸಬೇಕು. ಎದುರಿಗೆ ನೂರಿಪ್ಪತ್ತು ನೂರಮೂವತ್ತು ಕಿಲೋ ತೂಗುವ ಆಳುಗಳು ಮೈಮೇಲೆ ಬರುತ್ತಿರುತ್ತಾರೆ. ಕ್ರಿಕೆಟ್‌ನಲ್ಲಿ ಒಬ್ಬ ಬ್ಯಾಟ್ಸ್‌ಮನ್ ಔಟಾದರೆ ಇನ್ನೊಬ್ಬ ಬರುತ್ತಾನೆ. ಇಲ್ಲಿ ಇವನು ಸರಿಯಿಲ್ಲದಿದ್ದರೆ ಸಂಜೆ ಪೂರ್ತಿ ಕೆಟ್ಟ ಹಾಗೆ.

ಟ್ರಾನ್ಸ್‌ಫರ್ ಅಂದ್ರೆ ಐಪಿಎಲ್ ಹರಾಜಿನ ಥರಾನಾ?

ಅಲ್ಲ. ಹರಾಜಿನಲ್ಲಿ ಟೀಮು ಆಟಗಾರನನ್ನು ಕೊಳ್ಳುತ್ತದೆ. ಇಲ್ಲಿ ಹುಡುಗನೇ ಟೀಮನ್ನು ಆರಿಸಿಕೊಳ್ಳುತ್ತಾನೆ. 'ನಾನು ಈ ಕಾಲೇಜು ಬಿಡಬೇಕು ಅಂತಿದ್ದೇನೆ' ಅಂತ ಅವನು ಹೆಸರು ಬರೆಸಿದರೆ ಅದು ಒಂದು ಪಟ್ಟಿಗೆ ಸೇರುತ್ತದೆ. ಆ ಪಟ್ಟಿಯೇ ಟ್ರಾನ್ಸ್‌ಫರ್ ಪೋರ್ಟಲ್. ಶುರುವಾಗಿದ್ದು 2018ರ ಅಕ್ಟೋಬರ್‌ನಲ್ಲಿ. ಹೆಸರು ಪಟ್ಟಿಗೆ ಬಂತು ಅಂದರೆ ಬೇರೆ ಕಾಲೇಜಿನ ಕೋಚ್‌ಗಳು ಫೋನ್ ಮಾಡಬಹುದು.

ಮೊದಲು ಕಾಲೇಜು ಬದಲಿಸಿದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಮಾತ್ರ ಆ ಶಿಕ್ಷೆ ತೆಗೆದರು. 2024ರ ಏಪ್ರಿಲ್‌ನಲ್ಲಿ, ಓದಿನ ಲೆಕ್ಕ ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಹೋಗಿ ತಕ್ಷಣ ಆಡಿ ಅಂದರು. ಮಧ್ಯೆ 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡಿಕೊಳ್ಳಲು ಅವಕಾಶ ಸಿಕ್ಕಿತು. ಈ ಎರಡೂ ಕೂಡಿದ ಮೇಲೆ ಇನ್ನೇನು, ಸಂತೆ ನೆರೆಯಿತು. ಒಹಾಯೊ ಸ್ಟೇಟ್‌ನ ಈ ವರ್ಷದ ಟೀಮಿಗೆ ಹೀಗೆ ಸುಮಾರು 2 ಕೋಟಿ ಡಾಲರ್ ಹರಿದಿದೆ ಅಂತ ಅಲ್ಲಿನ ಕ್ರೀಡಾ ವಿಭಾಗದ ಮುಖ್ಯಸ್ಥರೇ ಹೇಳಿದ್ದಾರೆ.

ನಾಳೆ ಆಡುವವರಲ್ಲಿ ಯಾರು ಹೀಗೆ ಬಂದವರು?

ಇಬ್ಬರೂ! ಒಹಾಯೊ ಸ್ಟೇಟ್‌ನ ವಿಲ್ ಹೋವರ್ಡ್ ಕ್ಯಾನ್ಸಸ್ ಸ್ಟೇಟ್‌ನಿಂದ ಬಂದವನು. ನೋಟರ್ ಡೇಮ್‌ನ ರೈಲಿ ಲೆನರ್ಡ್ ಡ್ಯೂಕ್‌ನಿಂದ ಬಂದವನು. ಇಬ್ಬರಿಗೂ ಹೊಸ ಟೀಮಿನಲ್ಲಿ ಇದೇ ಮೊದಲ ಸೀಸನ್, ಇದೇ ಕೊನೆಯದೂ ಕೂಡ.

ಈ ವರ್ಷ ಮೊದಲ ಸಲ 12 ಟೀಮುಗಳ ಪ್ಲೇಆಫ್, ಅಂದರೆ ಸೋತವರು ಮನೆಗೆ ಹೋಗುವ ಕೊನೇ ಸುತ್ತು, ನಡೆಯಿತು. ಸುಮ್ನೆ ಕೂತು ಲೆಕ್ಕ ಹಾಕಿದೆ. 12ರಲ್ಲಿ 6 ಟೀಮುಗಳ ಕ್ವಾರ್ಟರ್‌ಬ್ಯಾಕ್ ಬೇರೆ ಕಾಲೇಜಿನಿಂದ ಬಂದವನು. ಸೆಮಿಫೈನಲ್‌ಗೆ ಬಂದ 4ರಲ್ಲಿ 3. ಈಗ 2ರಲ್ಲಿ 2. ಹಿಂದೆಯೂ ಇಂಥವರು ಇದ್ದರು. ಒಹಾಯೊ ಸ್ಟೇಟ್ ಬಿಟ್ಟು ಎಲ್‌ಎಸ್‌ಯುಗೆ (ಲೂಯಿಸಿಯಾನಾ ಸ್ಟೇಟ್) ಹೋಗಿದ್ದ ಜೋ ಬರೋ 2019ರ ಸೀಸನ್‌ನಲ್ಲಿ ಟ್ರೋಫಿ ಎತ್ತಿದ. ಆ ಗಾಯ ಕೊಲಂಬಸ್‌ನ ಹಳಬರಿಗೆ ಇನ್ನೂ ಮಾಗಿಲ್ಲ.

ಹೋವರ್ಡ್ ಕ್ಯಾನ್ಸಸ್ ಯಾಕೆ ಬಿಟ್ಟ?

ಅವನು ಅಲ್ಲಿ ನಾಲ್ಕು ಸೀಸನ್ ಆಡಿದ. 48 ಟಚ್‌ಡೌನ್ ಪಾಸ್ (ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸಿ ಪಾಯಿಂಟ್ ತರುವ ಎಸೆತ) ಎಸೆದ, ಅದು ಆ ಕಾಲೇಜಿನ ದಾಖಲೆ. ಆದರೂ ಅಲ್ಲಿ ಅವನ ಜಾಗ ಯಾವತ್ತೂ ಗಟ್ಟಿ ಅನ್ನುವಂತೆ ಇರಲಿಲ್ಲ. 2022ರಲ್ಲಿ ನೆಬ್ರಾಸ್ಕಾದಿಂದ ಏಡ್ರಿಯನ್ ಮಾರ್ಟಿನೆಜ್ ಅನ್ನುವವನನ್ನು ಕರೆತಂದು ಇವನನ್ನು ಬೆಂಚಿನಲ್ಲಿ ಕೂರಿಸಿದರು. ಅಂದರೆ ಟ್ರಾನ್ಸ್‌ಫರ್ ಆಗಿ ಬಂದವನೇ ಇವನ ಜಾಗ ಕಿತ್ತುಕೊಂಡಿದ್ದ. ಮಾರ್ಟಿನೆಜ್‌ಗೆ ಪೆಟ್ಟಾದ ಮೇಲೆ ಹೋವರ್ಡ್ ಮತ್ತೆ ಬಂದ. ಅಲ್ಲಿಯವರೆಗೆ ಸೋಲೇ ಕಾಣದಿದ್ದ ಟಿಸಿಯು ಟೀಮನ್ನು ಓವರ್‌ಟೈಮ್‌ನಲ್ಲಿ 31-28ಕ್ಕೆ ಸೋಲಿಸಿ ಬಿಗ್ 12 ಅನ್ನುವ ಲೀಗಿನ ಕಪ್ ತಂದುಕೊಟ್ಟ. ಮುಂದಿನ ವರ್ಷ ಏವರಿ ಜಾನ್ಸನ್ ಅನ್ನುವ ಊರ ಹುಡುಗ ಬೆಳೆದು ನಿಂತಿದ್ದ. ಹೋವರ್ಡ್ ಗಂಟು ಕಟ್ಟಿದ.

ಈ ಕಥೆ ಯಾಕೆ ಹೇಳಿದೆ ಅಂದರೆ, ಬೆಂಚಿನಲ್ಲಿ ಕೂತು ಎದ್ದುಬಂದವನಿಗೆ ಒಂದು ಥರ ಮೊಂಡುತನ ಇರುತ್ತದೆ. ಅದು ಈ ಡಿಸೆಂಬರ್‌ನಲ್ಲಿ ಕೆಲಸಕ್ಕೆ ಬಂತು. ಮುಂದೆ ಹೇಳುತ್ತೇನೆ.

ಲೆನರ್ಡ್ ಕಥೆ?

ಅಲಬಾಮಾದ ಫೇರ್‌ಹೋಪ್ ಅನ್ನುವ ಊರಿನವನು. ಡ್ಯೂಕ್ ಅಂದರೆ ಬಾಸ್ಕೆಟ್‌ಬಾಲ್ ಕಾಲೇಜು, ಅಲ್ಲಿ ಫುಟ್‌ಬಾಲ್ ಯಾರೂ ಕೇಳುತ್ತಿರಲಿಲ್ಲ. ಇವನು 2023ರ ಸೆಪ್ಟೆಂಬರ್‌ನಲ್ಲಿ ಕ್ಲೆಮ್ಸನ್ ಟೀಮನ್ನು 28-7ಕ್ಕೆ ಹೊಡೆದು ಕೂರಿಸಿದಾಗ ದೇಶವೆಲ್ಲ ತಿರುಗಿ ನೋಡಿತು. ಅದೇ ತಿಂಗಳ 30ಕ್ಕೆ ಡ್ಯೂಕ್ ಅಂಗಳಕ್ಕೆ ಬಂದಿದ್ದು ಯಾರು? ನೋಟರ್ ಡೇಮ್. ಆಟದ ಕೊನೇ ಗಳಿಗೆಯಲ್ಲಿ ಲೆನರ್ಡ್ ಕಾಲಿನ ಗಿಣ್ಣು ತಿರುಚಿಕೊಂಡಿತು. ಡ್ಯೂಕ್ 21-14ಕ್ಕೆ ಸೋತಿತು. ಕುಂಟುತ್ತಾ ಹೋದವನು ಮುಂದಿನ ವರ್ಷ ಅದೇ ನೋಟರ್ ಡೇಮ್ ಜೆರ್ಸಿ ಹಾಕಿಕೊಂಡ.

ಬೇರೆ ಟೀಮಿಂದ ಬಂದವನಿಗೆ ಕಷ್ಟ ಏನು? ಚೆಂಡು ಅದೇ ಚೆಂಡು ಅಲ್ವಾ?

ಚೆಂಡು ಅದೇ. ಮಾತು ಬೇರೆ.

ಹೊಸ ಕೆಲಸಕ್ಕೆ ಸೇರಿದ ಮೊದಲ ವಾರ ನೆನಪಿಸಿಕೊಳ್ಳಿ. ಕೆಲಸ ನಿಮಗೆ ಗೊತ್ತು. ಆದರೆ ಮೀಟಿಂಗಿನಲ್ಲಿ ಎಲ್ಲರೂ ಆಡುವ ಅಡ್ಡಹೆಸರುಗಳು ಗೊತ್ತಿಲ್ಲ. ಫುಟ್‌ಬಾಲ್‌ನಲ್ಲಿ ಪ್ರತಿ ಟೀಮಿಗೂ ತನ್ನದೇ ಪ್ಲೇಬುಕ್ ಇರುತ್ತದೆ, ನೂರಾರು ಆಟಗಳು. ಒಂದೊಂದಕ್ಕೂ ಬಣ್ಣ, ಪ್ರಾಣಿ, ಊರು, ಸಂಖ್ಯೆ ಸೇರಿಸಿ ಕಟ್ಟಿದ ಉದ್ದದ ಹೆಸರು. ಹಳೇ ಟೀಮಿನಲ್ಲಿ ಎಡಕ್ಕೆ ಅನ್ನುವುದಕ್ಕೆ ಇದ್ದ ಪದ ಇಲ್ಲಿ ಬಲಕ್ಕೆ ಇರಬಹುದು. ಕ್ವಾರ್ಟರ್‌ಬ್ಯಾಕ್ ಅದನ್ನು ಕೇಳಿಸಿಕೊಂಡು, ಹತ್ತು ಜನಕ್ಕೆ ಹೇಳಿ, ಎದುರಾಳಿ ನಿಂತ ರೀತಿ ನೋಡಿ, ಬೇಕಾದರೆ ಬದಲಿಸಿ, ಚೆಂಡು ಕರೆಯಬೇಕು. ಇಷ್ಟಕ್ಕೂ ಗಡಿಯಾರದಲ್ಲಿ ಸಿಗುವುದು 40 ಸೆಕೆಂಡು.

ಈ ಸೀಸನ್‌ನಿಂದ ಒಂದು ಅನುಕೂಲ ಆಗಿದೆ. ಹೆಲ್ಮೆಟ್ ಒಳಗೆ ಸ್ಪೀಕರ್ ಬಂದಿದೆ. ಕೋಚ್ ನೇರವಾಗಿ ಕಿವಿಯಲ್ಲಿ ಹೇಳಬಹುದು. ಆದರೆ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಮಾತು ಕಟ್. ಆಮೇಲಿನ ಆ 15 ಸೆಕೆಂಡೇ ನಿಜವಾದ ಪರೀಕ್ಷೆ. ಡಿಫೆನ್ಸ್‌ನವರೂ ತಮ್ಮ ನಿಜವಾದ ಬಣ್ಣ ತೋರಿಸುವುದು ಆಗಲೇ.

ಇನ್ನೊಂದು ಇದೆ, ಟಿವಿಯಲ್ಲಿ ಕಾಣುವುದಿಲ್ಲ. ಎಸೆದ ಚೆಂಡು ಹಿಡಿಯುವ ರಿಸೀವರ್ ತಿರುಗುವ ಮೊದಲೇ ಚೆಂಡು ಕೈ ಬಿಟ್ಟಿರಬೇಕು. ಅವನು ಎಷ್ಟನೇ ಹೆಜ್ಜೆಗೆ ತಿರುಗುತ್ತಾನೆ, ಸುಸ್ತಾದಾಗ ಎಷ್ಟು ನಿಧಾನ ಆಗುತ್ತಾನೆ, ಇದೆಲ್ಲ ಮೈಗೆ ಹತ್ತಬೇಕು. ವಸಂತದ ಪ್ರ್ಯಾಕ್ಟೀಸಿಗೆ ನಿಯಮದ ಪ್ರಕಾರ ಸಿಗುವುದು 15 ದಿನ. ಉಳಿದಿದ್ದು ಆಗಸ್ಟ್‌ನಲ್ಲಿ. ಲೆನರ್ಡ್‌ಗೆ ಆ 15 ದಿನವೂ ಪೂರ್ತಿ ಸಿಗಲಿಲ್ಲ, ಅದೇ ಕಾಲಿಗೆ ಎರಡನೇ ಸಲ ಆಪರೇಷನ್ ಆಯಿತು. ಅದರ ಬೆಲೆ ಸೆಪ್ಟೆಂಬರ್ 7ಕ್ಕೆ ಕಟ್ಟಿದರು. ನಾರ್ದರ್ನ್ ಇಲಿನಾಯ್ ಅನ್ನುವ ಸಣ್ಣ ಟೀಮು ನೋಟರ್ ಡೇಮ್ ಮನೆಗೇ ಬಂದು 16-14ಕ್ಕೆ ಸೋಲಿಸಿ ಹೋಯಿತು. ಲೆನರ್ಡ್ ಅವತ್ತು ಎರಡು ಸಲ ಚೆಂಡನ್ನು ಎದುರಾಳಿ ಕೈಗೆ ಎಸೆದ. 'ಡ್ಯೂಕ್‌ನಿಂದ ಇವನನ್ನ ಯಾಕೆ ತಂದ್ರು' ಅಂತ ಅಲ್ಲಿನವರು ಬೈದಿದ್ದೇ ಬೈದಿದ್ದು. ಆಮೇಲೆ ಆ ಟೀಮು ಇವತ್ತಿನವರೆಗೆ ಒಂದೂ ಸೋತಿಲ್ಲ.

ಹಾಗಾದ್ರೆ ಜನವರಿಗೆ ಬರೋಷ್ಟರಲ್ಲಿ ಅವನು ಹೊಸಬನೇ ಅಲ್ಲ ಅಂತೀರಾ?

ಅದನ್ನೇ ಹೇಳುತ್ತಿದ್ದೇನೆ. ಟಿವಿಯವರು ನಾಳೆ ಪೂರ್ತಿ 'ಟ್ರಾನ್ಸ್‌ಫರ್ ಕ್ವಾರ್ಟರ್‌ಬ್ಯಾಕ್' ಅಂತ ಹೇಳುತ್ತಲೇ ಇರುತ್ತಾರೆ. ಸೆಪ್ಟೆಂಬರ್‌ನಲ್ಲಿ ಆ ಮಾತಿಗೆ ತೂಕ ಇತ್ತು. ಇವರಿಬ್ಬರೂ ಈಗಾಗಲೇ ಹೊಸ ಟೀಮಿನಲ್ಲಿ 15 ಮ್ಯಾಚ್ ಆಡಿಯಾಗಿದೆ. ಪ್ಲೇಬುಕ್ ಬಾಯಿಪಾಠ ಆಗಿದೆ.

ಆದರೆ ಹಳೇ ಟೀಮು ಪೂರ್ತಿ ಅಳಿಸಿಹೋಗುವುದಿಲ್ಲ. ಎಲ್ಲ ಸರಿಯಿದ್ದಾಗ ಹುಡುಗ ಹೊಸ ಕೋಚ್ ಹೇಳಿಕೊಟ್ಟಂತೆ ಆಡುತ್ತಾನೆ. ಎಲ್ಲ ಕೆಟ್ಟಾಗ, ಅಂದರೆ ಥರ್ಡ್ ಡೌನ್ (ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೂರನೆಯದು), ಎಂಟು ಯಾರ್ಡ್ ಬೇಕು, ಪಕ್ಕದವನು ಬಿದ್ದಿದ್ದಾನೆ, ಆಗ ಮೈ ತನಗೆ ಮೊದಲು ಕಲಿಸಿದ್ದನ್ನು ಮಾಡುತ್ತದೆ. ಇಲ್ಲಿಗೆ ಬಂದು ಹದಿನೈದು ವರ್ಷ ಆಗಿದ್ದರೂ ಕಾಲಿಗೆ ಟೇಬಲ್ ತಾಗಿದಾಗ ನಾನು ಇಂಗ್ಲಿಷಿನಲ್ಲಿ ಬೈದಿದ್ದಿಲ್ಲ.

ಹೋವರ್ಡ್ ಕ್ಯಾನ್ಸಸ್‌ನಿಂದ ತಂದಿದ್ದು ದೊಡ್ಡ ಮೈ, ಎರಡು ಯಾರ್ಡ್ ಬೇಕಾದಾಗ ತಲೆ ತಗ್ಗಿಸಿ ನುಗ್ಗುವ ಬುದ್ಧಿ. ಟೆಕ್ಸಸ್ ವಿರುದ್ಧ ಸೆಮಿಫೈನಲ್‌ನಲ್ಲಿ ನೋಡಿದೆವಲ್ಲ. ಫೋರ್ತ್ ಡೌನ್, ಎರಡು ಯಾರ್ಡ್ ಬೇಕು. ಚೆಂಡು ಹಿಡಿದು ತಾನೇ ನಡುವೆ ನುಗ್ಗಿದ. ಮುಂದೆ ಯಾರೂ ಇಲ್ಲ, ತನ್ನ ಕಾಲಿಗೆ ತಾನೇ ತೊಡರಿ ಬಿದ್ದ. ಆದರೂ 18 ಯಾರ್ಡ್ ಸಿಕ್ಕಿತ್ತು. ನಮ್ಮ ಬೇಸ್‌ಮೆಂಟಿನಲ್ಲಿ ನಗಬೇಕಾ ಅಳಬೇಕಾ ಗೊತ್ತಾಗಲಿಲ್ಲ.

ಲೆನರ್ಡ್ ಡ್ಯೂಕ್‌ನಿಂದ ತಂದಿದ್ದು ಕಾಲು. ಈ ಸೀಸನ್ 800ಕ್ಕೂ ಹೆಚ್ಚು ಯಾರ್ಡ್ ಓಡಿದ್ದಾನೆ. ಗಾಬರಿಯಾದರೆ ಎಸೆಯುವುದಿಲ್ಲ, ಓಡುತ್ತಾನೆ.

ಮಿಶಿಗನ್ ಮ್ಯಾಚ್ ಸೋಲಿಸಿದ್ದು ಹೋವರ್ಡೇ ಅಲ್ವಾ? ಇವನನ್ನ ಹೇಗೆ ನಂಬೋದು?

ಈ ಪ್ರಶ್ನೆ ಕೇಳುವುದು ನಮ್ಮ ಪಕ್ಕದ ಮನೆಯವರು. ಕೇಳುವಾಗ ಪ್ರತಿ ಸಲ ಧ್ವನಿ ಏರುತ್ತದೆ.

ನವೆಂಬರ್ 30. ಮಧ್ಯಾಹ್ನ 12 ಗಂಟೆ ಆಟ. ನಾನು ಮೇಲಿನ ಡೆಕ್‌ನಲ್ಲಿದ್ದೆ. ಎರಡು ಜೊತೆ ಸಾಕ್ಸ್ ಹಾಕಿದ್ದರೂ ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಫ್ಲಾಸ್ಕಿನ ಕಾಫಿ ಮೊದಲ ಕ್ವಾರ್ಟರ್‌ಗೇ ತಣ್ಣಗಾಗಿತ್ತು. ಒಹಾಯೊ ಸ್ಟೇಟ್ 13-10ಕ್ಕೆ ಸೋತಿತು. ಹೋವರ್ಡ್ 33 ಸಲ ಎಸೆದು 175 ಯಾರ್ಡ್ ಮಾತ್ರ ಗಳಿಸಿದ, ಎರಡು ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದುಬಿಟ್ಟ ಎಸೆತ). ಒಂದು ನಮ್ಮದೇ ಗೋಲ್ ಲೈನ್ ಹತ್ತಿರ, ಅದರಿಂದಲೇ ಅವರ ಟಚ್‌ಡೌನ್ ಬಂತು. ಆಟ ಮುಗಿದ ಮೇಲೆ ಮೈದಾನದಲ್ಲಿ ಬಾವುಟ ನೆಡುವ ಗಲಾಟೆ, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಹತ್ತಿರ ಕೂತಿದ್ದ ಮುದುಕರೊಬ್ಬರು ಟೋಪಿ ಕೈಯಲ್ಲಿ ಹಿಡಿದು ಸುಮಾರು ಹೊತ್ತು ಎದ್ದೇಳಲೇ ಇಲ್ಲ.

ಈಗ ನನ್ನ ಲೆಕ್ಕ ಕೇಳಿ. ಅವತ್ತು ತಪ್ಪು ಹೋವರ್ಡ್ ಒಬ್ಬನದಲ್ಲ. ಮಿಶಿಗನ್‌ನ ಡಿಫೆನ್ಸ್ ನಡುಭಾಗ ಬಂಡೆ ಥರ ಇತ್ತು. ನಮ್ಮವರು ಮತ್ತೆ ಮತ್ತೆ ಅಲ್ಲಿಗೇ ಚೆಂಡು ಕೊಟ್ಟು ಓಡಿಸಿದರು. ಅಕ್ಟೋಬರ್‌ನಲ್ಲೇ ಎಡ ಟ್ಯಾಕಲ್ ಜಾಶ್ ಸಿಮನ್ಸ್‌ಗೆ ಪೆಟ್ಟಾಗಿತ್ತು, ನವೆಂಬರ್‌ನಲ್ಲಿ ಸೆಂಟರ್ ಸೆತ್ ಮೆಕ್ಲಾಕ್ಲಿನ್ ಬಿದ್ದಿದ್ದ. ಕ್ವಾರ್ಟರ್‌ಬ್ಯಾಕ್ ಮುಂದಿನ ಗೋಡೆಯೇ ಹೊಸದಾಗಿ ಕಟ್ಟಿದ್ದು. ಮೂರು ವಾರ ಬಿಟ್ಟು ಪ್ಲೇಆಫ್‌ನಲ್ಲಿ ಟೆನಿಸಿ ಮೇಲೆ ಆಡುವಾಗ ಬೇರೆ ಟೀಮೇ ಬಂದ ಹಾಗಿತ್ತು. ಮೊದಲಿನಿಂದಲೇ ಉದ್ದಕ್ಕೆ ಎಸೆದರು. 42-17. ಆಮೇಲೆ ರೋಸ್ ಬೌಲ್ ಮೈದಾನದಲ್ಲಿ ಓರೆಗನ್ ಮೇಲೆ 41-21, ಅದೂ ಒಂದು ಹಂತದಲ್ಲಿ 34-0. ಆಮೇಲೆ ಟೆಕ್ಸಸ್ 28-14. ಆ ಮೂರು ಮ್ಯಾಚಿನಲ್ಲಿ ಹೋವರ್ಡ್ ಗಳಿಸಿದ್ದು 311, 319, 289 ಯಾರ್ಡ್.

ಓರೆಗನ್ ಅಂದಾಗ ಇನ್ನೊಂದು. ಅಕ್ಟೋಬರ್‌ನಲ್ಲಿ ಅವರ ಊರಿನಲ್ಲಿ 32-31ಕ್ಕೆ ಸೋತಿದ್ದೆವು. ಕೊನೇ ಆಟದಲ್ಲಿ ಹೋವರ್ಡ್ ಚೆಂಡು ಹಿಡಿದು ಓಡಿ ಜಾರಿ ಕೂತಾಗ ಗಡಿಯಾರ ಸೊನ್ನೆ ತೋರಿಸುತ್ತಿತ್ತು. ಗಡಿಯಾರ ನೋಡದವನು ಅಂತ ಎಲ್ಲರೂ ಆಡಿಕೊಂಡರು. ಅದೇ ಟೀಮಿನ ಮುಂದೆ ಜನವರಿ 1ಕ್ಕೆ ಮೂರು ಟಚ್‌ಡೌನ್ ಎಸೆದ. ಮೊಂಡುತನ ಅಂದೆನಲ್ಲ, ಅದು ಇದೇ.

ಈ ಎರಡು ಟೀಮು 2023ರಲ್ಲೂ ಆಡಿದ್ವು. ಆ ಮ್ಯಾಚ್ ನೋಡಿದ್ರೆ ಏನಾದ್ರೂ ಗೊತ್ತಾಗುತ್ತಾ?

ಜಾಸ್ತಿ ಏನಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಒಹಾಯೊ ಸ್ಟೇಟ್ 17-14ಕ್ಕೆ ಗೆದ್ದಿತು, ಗೆಲುವಿನ ಟಚ್‌ಡೌನ್ ಬಂದಾಗ ಉಳಿದಿದ್ದು ಒಂದೇ ಸೆಕೆಂಡು. ನೋಟರ್ ಡೇಮ್‌ನ ಹತ್ತೇ ಜನ ಮೈದಾನದಲ್ಲಿದ್ದರು, ಒಬ್ಬನನ್ನು ಕಳಿಸುವುದೇ ಮರೆತಿದ್ದರು! ಆದರೆ ಅವತ್ತಿನ ಕ್ವಾರ್ಟರ್‌ಬ್ಯಾಕ್‌ಗಳು ಯಾರು? ಈ ಕಡೆ ಕೈಲ್ ಮೆಕಾರ್ಡ್. ಆ ವರ್ಷದ ಕೊನೆಗೆ ಅವನು ಸಿರಕ್ಯೂಸ್‌ಗೆ ಹೊರಟುಹೋದ. ಆ ಕಡೆ ಸ್ಯಾಮ್ ಹಾರ್ಟ್‌ಮನ್. ಅವನೂ ವೇಕ್ ಫಾರೆಸ್ಟ್‌ನಿಂದ ಒಂದು ವರ್ಷಕ್ಕೆ ಬಂದಿದ್ದವನೇ. ಹದಿನಾರು ತಿಂಗಳಲ್ಲಿ ಎರಡೂ ಕಡೆ ಆಟ ನಡೆಸುವ ಹುಡುಗ ಬದಲಾಗಿದ್ದಾನೆ. ಹಳೇ ವಿಡಿಯೋ ಹಳೇ ಪಂಚಾಂಗದ ಥರ.

ಕೋಚ್‌ಗಳು ನಿಜವಾಗಿ ನೋಡುವುದು ಬೇರೆ ವಿಡಿಯೋ. ಡ್ಯೂಕ್‌ನಲ್ಲಿ ಲೆನರ್ಡ್, ಕ್ಯಾನ್ಸಸ್ ಸ್ಟೇಟ್‌ನಲ್ಲಿ ಹೋವರ್ಡ್. ಒತ್ತಡ ಬಿದ್ದಾಗ ಯಾವ ಕಡೆ ಓಡುತ್ತಾನೆ, ಮೊದಲು ಯಾವ ಕಡೆ ಕಣ್ಣು ಹಾಯಿಸುತ್ತಾನೆ. ಮೇಲೆ ಹೇಳಿದ ಹಳೇ ಅಭ್ಯಾಸ ಸಿಗುವುದು ಅಲ್ಲೇ.

ಹಳೇ ಟೀಮಿನ ಗುಟ್ಟೆಲ್ಲ ಹೊಸ ಟೀಮಿಗೆ ಹೇಳಿಬಿಡಲ್ವಾ?

ನಾಳೆಯ ಮ್ಯಾಚಿಗೆ ಇದು ಲೆಕ್ಕಕ್ಕಿಲ್ಲ, ಇಬ್ಬರೂ ಎದುರಾಳಿ ಟೀಮಿನಲ್ಲಿ ಇದ್ದವರಲ್ಲ. ಬೇರೆ ಕಡೆ ಇಂಥದ್ದು ನಡೆದಿದೆ. ಲೆನರ್ಡ್‌ನ ಡ್ಯೂಕ್ ಕೋಚ್ ಮೈಕ್ ಎಲ್ಕೋ ಅದೇ ಹೊತ್ತಿಗೆ ಟೆಕ್ಸಸ್ ಎ ಆ್ಯಂಡ್ ಎಂಗೆ ಹೋದರು. ನೋಟರ್ ಡೇಮ್‌ನ ಸೀಸನ್ ಮೊದಲ ಮ್ಯಾಚೇ ಅವರ ಮೇಲೆ ಬಿತ್ತು. ಶಿಷ್ಯ 23-13ಕ್ಕೆ ಗೆದ್ದ. ಗುಟ್ಟು ಗೊತ್ತಿದ್ದರೆ ಎರಡೂ ಕಡೆ ಗೊತ್ತಿರುತ್ತದೆ. ಸೆಮಿಫೈನಲ್‌ನಲ್ಲಿ ನಮ್ಮ ಎದುರು ಆಡಿದ ಟೆಕ್ಸಸ್‌ನ ಕ್ವಿನ್ ಯೂವರ್ಸ್ ಕೂಡ 2021ರಲ್ಲಿ ಒಹಾಯೊ ಸ್ಟೇಟ್‌ನಲ್ಲೇ ಇದ್ದವನು. ಕೊನೆಗೆ ಚೆಂಡು ಅವನ ಕೈಯಿಂದ ಕಿತ್ತು 83 ಯಾರ್ಡ್ ಓಡಿದ್ದು ಜ್ಯಾಕ್ ಸಾಯರ್. ಕೊಲಂಬಸ್‌ನಲ್ಲಿ ಇಬ್ಬರೂ ರೂಮ್‌ಮೇಟ್‌ಗಳಾಗಿದ್ದರು.

ನೋಟರ್ ಡೇಮ್ ಹೋವರ್ಡ್‌ನನ್ನ ಹೇಗೆ ಕಟ್ಟಿಹಾಕಬಹುದು?

ಅವರ ಡಿಫೆನ್ಸ್ ನಡೆಸುವ ಆಲ್ ಗೋಲ್ಡನ್‌ಗೆ ಒಬ್ಬೊಬ್ಬರಿಗೆ ಒಬ್ಬೊಬ್ಬರನ್ನು ಅಂಟಿಸಿ ಕಾಯುವ ಆಟ ಇಷ್ಟ. ಹಾಗೆ ಮಾಡಿದರೆ ಹೆಚ್ಚು ಜನರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸಬಹುದು. ತೊಂದರೆ ಏನೆಂದರೆ ಎದುರಿಗಿರುವುದು ಜೆರಮೈಯಾ ಸ್ಮಿತ್. ಮೊದಲ ವರ್ಷದ ಹುಡುಗ, ಒಬ್ಬರ ಕೈಗೆ ಸಿಗುವವನಲ್ಲ. ಟೆಕ್ಸಸ್ ಇದನ್ನು ಅರ್ಥ ಮಾಡಿಕೊಂಡು ಅವನ ಸುತ್ತ ಇಬ್ಬರನ್ನು ಬಿಟ್ಟಿತು. ಅವತ್ತು ಸ್ಮಿತ್‌ಗೆ ಸಿಕ್ಕಿದ್ದು ಒಂದೇ ಚೆಂಡು, 3 ಯಾರ್ಡ್.

ಹೋವರ್ಡ್‌ನ ಪ್ರೌಢತೆ ನೋಡಬೇಕಾಗಿದ್ದು ಅಲ್ಲೇ. ಸ್ಮಿತ್ ಸಿಗಲಿಲ್ಲ ಅಂತ ಹಟ ಹಿಡಿಯಲಿಲ್ಲ. ಉಳಿದವರಿಗೆ ಚಿಕ್ಕ ಚಿಕ್ಕದಾಗಿ ಹಂಚಿದ. ಯಾವ ಆಟ ಆಡಬೇಕು ಅಂತ ಹೇಳುವ ಕೋಚ್ ಚಿಪ್ ಕೆಲ್ಲಿ ಕೂಡ ಇವನಷ್ಟೇ ಹೊಸಬರು, ಹೋದ ಫೆಬ್ರವರಿಯಲ್ಲಿ ಯುಸಿಎಲ್‌ಎ ಬಿಟ್ಟು ಬಂದವರು. ಇಬ್ಬರೂ ಒಟ್ಟಿಗೆ ಕಲಿತಿದ್ದು ಒಳ್ಳೆಯದೇ ಆಯಿತು ಅನ್ನುವುದು ನನ್ನ ಅನಿಸಿಕೆ. ನೋಟರ್ ಡೇಮ್‌ಗೆ ಇನ್ನೊಂದು ತಲೆನೋವು, ನಡುವೆ ನಿಲ್ಲುವ ರೈಲಿ ಮಿಲ್ಸ್ ಮಂಡಿ ಪೆಟ್ಟಿನಿಂದ ಆಚೆ ಇದ್ದಾನೆ. ಹೋವರ್ಡ್‌ಗೆ ಮಿಶಿಗನ್ ದಿನದ ಥರ ನಡುವಿನಿಂದ ಒತ್ತಡ ಬರಬೇಕು. ಬರದಿದ್ದರೆ ಕಷ್ಟ, ಅವರಿಗೆ.

ಲೆನರ್ಡ್ ವಿರುದ್ಧ ಒಹಾಯೊ ಸ್ಟೇಟ್ ಏನು ಮಾಡಬೇಕು?

ಎಸೆಯೋ ಹಾಗೆ ಮಾಡಬೇಕು. ಜಾರ್ಜಿಯಾ ಮೇಲೆ ಗೆದ್ದಾಗ ಅವನು ಎಸೆದು ಗಳಿಸಿದ್ದು 90 ಯಾರ್ಡ್, ಓಡಿ ಗಳಿಸಿದ್ದು 80. ಇಂಥ ಲೆಕ್ಕ ನೋಡಿ 'ಇವನಿಗೆ ಎಸೆಯೋಕೆ ಬರಲ್ಲ' ಅಂತ ನಮ್ಮ ಬಜ್ಜಿ ಗುಂಪು ತೀರ್ಪು ಕೊಟ್ಟಿದೆ. ಅದು ಪೂರ್ತಿ ನಿಜವಲ್ಲ. ಸೆಮಿಫೈನಲ್‌ನಲ್ಲಿ ಪೆನ್ ಸ್ಟೇಟ್ ಮೇಲೆ 27-24ಕ್ಕೆ ಗೆದ್ದಾಗ ಎರಡು ತಪ್ಪು ಎಸೆತ ಎಸೆದ, ಆದರೆ ಕೊನೇ ಕ್ವಾರ್ಟರ್‌ನಲ್ಲಿ ಜೇಡನ್ ಗ್ರೇಟ್‌ಹೌಸ್‌ಗೆ 54 ಯಾರ್ಡ್‌ನ ಟಚ್‌ಡೌನನ್ನೂ ಕೊಟ್ಟ.

ಅವರ ಆಫೆನ್ಸ್ ಕೋಚ್ ಮೈಕ್ ಡೆನ್‌ಬ್ರಾಕ್ ಬಗ್ಗೆ ಒಂದು ಮಾತು. ಅವರು 2023ರಲ್ಲಿ ಎಲ್‌ಎಸ್‌ಯುನಲ್ಲಿದ್ದರು. ಅಲ್ಲಿ ಅವರ ಕೈಲಿದ್ದವನು ಜೇಡನ್ ಡೇನಿಯಲ್ಸ್, ಅರಿಜೋನಾ ಸ್ಟೇಟ್‌ನಿಂದ ಬಂದವನು, ಓಡುವುದರಲ್ಲಿ ಗಟ್ಟಿಗ, ಆ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ. ಬೇರೆ ಕಡೆಯಿಂದ ಬಂದ, ಕಾಲು ಚುರುಕಿರುವ ಹುಡುಗನಿಗೆ ಆಟ ಹೊಲಿದುಕೊಡುವುದು ಅವರಿಗೆ ಹೊಸದಲ್ಲ.

ನನಗಿರುವ ಅನುಮಾನ ಬೇರೆ. ಲೆನರ್ಡ್‌ನನ್ನು ಓಡಿಸಿ ಓಡಿಸಿ ಸುಸ್ತು ಮಾಡಿಬಿಟ್ಟರೆ ಕೊನೇ ಕ್ವಾರ್ಟರ್‌ನಲ್ಲಿ ಎಸೆಯುವ ಕೈಗೆ ಬಲ ಎಲ್ಲಿಂದ ಬರಬೇಕು? ಅವರ ಎಡ ಟ್ಯಾಕಲ್ ಆ್ಯಂಥನಿ ನ್ಯಾಪ್ ಕೂಡ ಪೆಟ್ಟಾಗಿ ಆಡುತ್ತಿಲ್ಲ. ಆ ಕಡೆಯಿಂದ ನಮ್ಮ ಸಾಯರ್, ಟುಯಿಮೊಲೊವಾ ನುಗ್ಗಿ ಬರುತ್ತಾರೆ.

ಅವನಿಗೇನಾದ್ರೂ ಪೆಟ್ಟಾದ್ರೆ?

ಪೆನ್ ಸ್ಟೇಟ್ ಮ್ಯಾಚಿನಲ್ಲಿ ಆಗಿತ್ತು. ತಲೆಗೆ ಪೆಟ್ಟು ಬಿದ್ದಿದೆಯಾ ನೋಡಲು ಲೆನರ್ಡ್‌ನನ್ನು ಒಳಗೆ ಕರೆದುಕೊಂಡು ಹೋದರು. ಸ್ಟೀವ್ ಆ್ಯಂಜೆಲಿ ಬಂದು ಟೀಮನ್ನು ಮುಂದಕ್ಕೆ ಒಯ್ದು ಮೂರು ಪಾಯಿಂಟ್ ಕೊಡಿಸಿದ. ಎರಡನೆಯವನನ್ನು ಉಳಿಸಿಕೊಳ್ಳುವುದೇ ಈಗ ದೊಡ್ಡ ಕೆಲಸ. ಪೆನ್ ಸ್ಟೇಟ್‌ನ ಬ್ಯಾಕಪ್ ಬೋ ಪ್ರಿಬುಲಾ ಪ್ಲೇಆಫ್ ಶುರುವಾಗುವ ಹೊತ್ತಿಗೆ ಪೋರ್ಟಲ್‌ಗೆ ಹೆಸರು ಬರೆಸಿ ಹೋಗಿಬಿಟ್ಟ. ಹುಡುಗನ ತಪ್ಪಲ್ಲ. ಪೋರ್ಟಲ್ ಬಾಗಿಲು ತೆರೆದಿದ್ದು ಡಿಸೆಂಬರ್ 9ರಿಂದ 28. ಪ್ಲೇಆಫ್ ಶುರುವಾಗಿದ್ದು 20ಕ್ಕೆ. ಈ ಕ್ಯಾಲೆಂಡರ್ ಮಾಡಿದವರನ್ನು ಕರೆದು ಕೇಳಬೇಕು.

ಒಂದು ವರ್ಷಕ್ಕೆ ಬಂದೋನು 'ನಮ್ಮೋನು' ಹೇಗಾಗ್ತಾನೆ ಅಳಿಯಂದ್ರೇ?

ಇದು ಮಾವನವರದು. ನಾನು ಉತ್ತರ ಹುಡುಕುತ್ತಿದ್ದೆ, ನಿನ್ನೆ ತಾನಾಗಿಯೇ ಸಿಕ್ಕಿತು.

ನಿನ್ನೆ ವಡೋದರಾದಲ್ಲಿ ವಿಜಯ್ ಹಜಾರೆ ಫೈನಲ್. ಕರ್ನಾಟಕ ಮತ್ತು ವಿದರ್ಭ. ವಿದರ್ಭದ ಕ್ಯಾಪ್ಟನ್ ನಮ್ಮ ಕರುಣ್ ನಾಯರ್. 'ನಮ್ಮ' ಅಂತಲೇ ಬರುತ್ತೆ ನೋಡಿ ಬಾಯಿಗೆ. ಕರ್ನಾಟಕಕ್ಕೆ ವರ್ಷಗಟ್ಟಲೆ ಆಡಿದವನು, ಇಂಗ್ಲೆಂಡ್ ಮೇಲೆ 303 ಹೊಡೆದವನು, 2023ರಲ್ಲಿ ವಿದರ್ಭಕ್ಕೆ ಹೋದ. ಈ ಟೂರ್ನಿಯಲ್ಲಿ ಐದು ಸೆಂಚುರಿ. ಬೆಳಗಿನ ಜಾವ ಎದ್ದು ಫೋನಿನಲ್ಲಿ ನೋಡುತ್ತಿದ್ದ ಮಾವ, ಅವನು ಕ್ರೀಸಿಗೆ ಬಂದಾಗ ಏನೂ ಮಾತಾಡಲಿಲ್ಲ. 27ಕ್ಕೆ ಪ್ರಸಿದ್ಧ್ ಕೃಷ್ಣ ಬೌಲ್ಡ್ ಮಾಡಿದಾಗ ಚಪ್ಪಾಳೆ ತಟ್ಟಿದರು. ಆಮೇಲೆ 'ಪಾಪ' ಅಂದರು. ಕರ್ನಾಟಕ 36 ರನ್‌ನಿಂದ ಗೆದ್ದಿತು.

ಕ್ಯಾನ್ಸಸ್ ಸ್ಟೇಟ್‌ನ ಮ್ಯಾನ್‌ಹ್ಯಾಟನ್ ಊರಿನಲ್ಲಿ ನಾಳೆ ಎಷ್ಟೋ ಜನ ಹೀಗೇ ಟಿವಿ ಮುಂದೆ ಕೂತಿರುತ್ತಾರೆ.

ಹಾಗಾದ್ರೆ ಗೆಲ್ಲೋದು ಯಾರು?

ಬೆಟ್ಟಿಂಗ್ ನಡೆಸುವವರು ಒಹಾಯೊ ಸ್ಟೇಟ್‌ಗೆ ಸುಮಾರು 8 ಪಾಯಿಂಟ್ ಮೇಲುಗೈ ಕೊಟ್ಟಿದ್ದಾರೆ. ನನಗೂ ಹಾಗೇ ಅನಿಸುತ್ತದೆ, ಆದರೆ ಕ್ವಾರ್ಟರ್‌ಬ್ಯಾಕ್ ಕಾರಣಕ್ಕಲ್ಲ. ಹೋವರ್ಡ್ ಸುತ್ತ ಇರುವವರು ಜಾಸ್ತಿ ಬಲಶಾಲಿಗಳು. ಕ್ವಾರ್ಟರ್‌ಬ್ಯಾಕ್‌ಗಳನ್ನು ಮಾತ್ರ ಅದಲುಬದಲು ಮಾಡಿ ಆಡಿಸಿದರೂ ನಾನು ಒಹಾಯೊ ಸ್ಟೇಟ್ ಅಂತಲೇ ಹೇಳುತ್ತೇನೆ. ಈ ಊರಿಗೆ ಕೊನೇ ಟ್ರೋಫಿ ಬಂದಿದ್ದು 2014ರ ಸೀಸನ್‌ನಲ್ಲಿ. ಅವತ್ತು ಗೆಲ್ಲಿಸಿದ ಕಾರ್ಡೇಲ್ ಜೋನ್ಸ್ ಎಲ್ಲಿಂದಲೋ ಬಂದವನಲ್ಲ, ಅದೇ ಟೀಮಿನ ಮೂರನೇ ಕ್ವಾರ್ಟರ್‌ಬ್ಯಾಕ್. ಈಗಿನ ಕಾಲದಲ್ಲಿ ಮೂರನೆಯವನು ಅಷ್ಟು ದಿನ ಕಾಯುತ್ತಾ ಕೂರುತ್ತಿದ್ದನಾ? ಅನುಮಾನ. ನೋಟರ್ ಡೇಮ್‌ನವರು ಕಾಯುತ್ತಿರುವುದು 1988ರಿಂದ.

ಬೆಂಗಳೂರಲ್ಲಿ ಎಷ್ಟು ಗಂಟೆಗೆ? ಆಫೀಸಿದೆ, ಎಷ್ಟು ನೋಡಿದ್ರೆ ಸಾಕು?

ಮಂಗಳವಾರ ಬೆಳಿಗ್ಗೆ 6 ಗಂಟೆಗೆ ಶುರು. ಪೂರ್ತಿ ನೋಡಿ ಮುಗಿಸುವಾಗ ಬೆಳಿಗ್ಗೆ ಹತ್ತು ಗಂಟೆ ಆಗಬಹುದು. ಆಗದಿದ್ದರೆ ಎರಡೂ ಟೀಮಿನ ಮೊದಲ ಎರಡು ಸರದಿ ನೋಡಿ. ಅದರಲ್ಲೂ ಥರ್ಡ್ ಡೌನ್ ಬಂದಾಗ ಚೆಂಡು ನೋಡಬೇಡಿ, ಕ್ವಾರ್ಟರ್‌ಬ್ಯಾಕ್ ಕಾಲು ನೋಡಿ. ಲೆನರ್ಡ್ ಕಾಲು ಮೊದಲೇ ಓಡಲು ತಿರುಗಿದೆಯಾ, ಹೋವರ್ಡ್ ಕಾಲು ನೆಟ್ಟಗೆ ನಿಂತಿದೆಯಾ. ಅಷ್ಟು ನೋಡಿ ಸ್ನಾನಕ್ಕೆ ಹೋಗಿ.